ಒಂದೇ ಬಾಟಲಿ, ಮೂರು ದರ: ಕೋವಿಡ್ ಕಾಲದ ಲಸಿಕೆ ರಾಜಕಾರಣ

2021ರ ಮೇ 1ರಂದು ಈ ದೇಶದಲ್ಲಿ ಕೋವಿಶೀಲ್ಡ್ ಲಸಿಕೆಗೆ ಮೂರು ದರಗಳಿದ್ದವು. ಪುಣೆಯ ಸೀರಂ ಇನ್‌ಸ್ಟಿಟ್ಯೂಟ್‌ನಿಂದ ಕೇಂದ್ರ ಸರ್ಕಾರ ಕೊಂಡರೆ ಡೋಸ್‌ಗೆ 150 ರೂಪಾಯಿ, ರಾಜ್ಯ ಸರ್ಕಾರ ಕೊಂಡರೆ 300, ಖಾಸಗಿ ಆಸ್ಪತ್ರೆ ಕೊಂಡರೆ 600. ರಾಜ್ಯಗಳಿಗೆ ಮೊದಲು ಹೇಳಿದ್ದು 400; ಟೀಕೆ ಜೋರಾದ ಮೇಲೆ ನೂರು ರೂಪಾಯಿ ಇಳಿಯಿತು. ಹೈದರಾಬಾದಿನ ಭಾರತ್ ಬಯೋಟೆಕ್ ತನ್ನ ಕೊವ್ಯಾಕ್ಸಿನ್‌ಗೆ ರಾಜ್ಯಗಳಿಂದ 600 ಕೇಳಿ ನಂತರ 400ಕ್ಕೆ ಇಳಿದರೆ, ಖಾಸಗಿಯವರಿಗೆ 1,200 ಎಂದಿತು. ಅದೇ ಕಾರ್ಖಾನೆ, ಅದೇ ಬಾಟಲಿ, ಒಳಗಿನ ದ್ರವವೂ ಅದೇ. ದಿನಕ್ಕೆ ನಾಲ್ಕು ಲಕ್ಷ ಜನರಿಗೆ ಸೋಂಕು ತಗಲುತ್ತಿದ್ದ ವಾರ ಅದು. ಆಸ್ಪತ್ರೆಗಳಲ್ಲಿ ಹಾಸಿಗೆ ಇರಲಿಲ್ಲ, ಚಿತಾಗಾರಗಳ ಮುಂದೆ ಆಂಬುಲೆನ್ಸ್‌ಗಳು ಸಾಲುಗಟ್ಟಿದ್ದವು. ಅಂಥ ಹೊತ್ತಿನಲ್ಲಿ 18ರಿಂದ 44 ವರ್ಷದವರಿಗೆ ದೇಶ ಹೇಳಿದ್ದಿಷ್ಟು: ನಿಮ್ಮ ರಾಜ್ಯ ಕೊಂಡುಕೊಟ್ಟರೆ ಹಾಕಿಸಿಕೊಳ್ಳಿ, ಇಲ್ಲವಾದರೆ ಖಾಸಗಿ ಆಸ್ಪತ್ರೆಗೆ ಹೋಗಿ ದುಡ್ಡು ಕೊಡಿ.

1985ರಲ್ಲಿ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ ಶುರುವಾದಾಗಿನಿಂದ ನಡೆದುಬಂದ ಪದ್ಧತಿ ಇದಾಗಿರಲಿಲ್ಲ. ಕೇಂದ್ರ ಕೊಳ್ಳುತ್ತದೆ, ರಾಜ್ಯಗಳು ಹಾಕುತ್ತವೆ, ಮಗುವಿನ ತಾಯಿ ಒಂದು ಪೈಸೆಯನ್ನೂ ಕೊಡುವುದಿಲ್ಲ. ಪೋಲಿಯೊ ಹೋದದ್ದು ಹೀಗೆಯೇ. 2014ರ ಮಾರ್ಚ್‌ನಲ್ಲಿ ಭಾರತಕ್ಕೆ ಪೋಲಿಯೊ ಮುಕ್ತ ಪ್ರಮಾಣಪತ್ರ ಸಿಕ್ಕಿತು. ಅಷ್ಟು ವರ್ಷಗಳಿಂದ ಗಟ್ಟಿಯಾಗಿ ನಿಂತಿದ್ದ ಪದ್ಧತಿಯನ್ನು ಎರಡನೇ ಅಲೆಯ ನಟ್ಟನಡುವೆ ಬದಿಗಿಟ್ಟಿದ್ದು ಏಕೆ? ಕೈಯಲ್ಲಿ ಲಸಿಕೆ ಸಾಲದಾಗಿತ್ತು ಎಂಬುದೇ ನೇರ ಉತ್ತರ. ಏಕೆ ಸಾಲದಾಯಿತು ಎಂದು ಕೇಳಿದರೆ ನಿಜವಾದ ರಾಜಕಾರಣ ತೆರೆದುಕೊಳ್ಳುತ್ತದೆ. ಲಸಿಕೆಯ ಕೊರತೆಯನ್ನು ಬರಗಾಲದ ಹಾಗೆ ಆಕಾಶದಿಂದ ಇಳಿದುಬಂದ ಕಷ್ಟವೆಂದು ನಾವು ಇವತ್ತಿಗೂ ಮಾತಾಡುತ್ತೇವೆ. ಅದು ಹಾಗಿರಲಿಲ್ಲ. ಯಾರು ಯಾವ ದಿನ ಆರ್ಡರ್ ಕೊಟ್ಟರು, ಎಷ್ಟು ಮುಂಗಡ ಕಟ್ಟಿದರು, ತಯಾರಿಸುವ ಹಕ್ಕು ಯಾರ ಕೈಯಲ್ಲಿತ್ತು ಎಂಬ ಮೂರು ಸಂಗತಿಗಳೇ, ಆರೋಗ್ಯ ಕೇಂದ್ರದ ಬಾಗಿಲಲ್ಲಿ ಯಾರು ಮುಂದೆ ಯಾರು ಹಿಂದೆ ಎಂಬುದನ್ನು ತಿಂಗಳುಗಟ್ಟಲೆ ಮೊದಲೇ ತೀರ್ಮಾನಿಸಿದ್ದವು.

ದಿನಾಂಕಗಳನ್ನೇ ನೋಡೋಣ. ಬ್ರಿಟನ್ 2020ರ ಮೇ ತಿಂಗಳಲ್ಲೇ ಆಕ್ಸ್‌ಫರ್ಡ್-ಆಸ್ಟ್ರಾಜೆನೆಕಾ ಲಸಿಕೆಯ (ನಮ್ಮಲ್ಲಿ ಅದೇ ಕೋವಿಶೀಲ್ಡ್) 10 ಕೋಟಿ ಡೋಸ್‌ಗಳನ್ನು ಕಾದಿರಿಸಿತು. ಅಮೆರಿಕ ಅದೇ ತಿಂಗಳು ‘ಆಪರೇಷನ್ ವಾರ್ಪ್ ಸ್ಪೀಡ್’ ಆರಂಭಿಸಿ, ಜುಲೈನಲ್ಲಿ ಫೈಜರ್‌ನ 10 ಕೋಟಿ ಡೋಸ್‌ಗಳಿಗೆ 195 ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡಿತು. ಲಸಿಕೆ ಫಲಿಸುತ್ತದೋ ಇಲ್ಲವೋ ಆಗ ಯಾರಿಗೂ ಗೊತ್ತಿರಲಿಲ್ಲ. ಆದರೂ ಅವು ಮೊದಲೇ ಆರ್ಡರ್ ಕೊಟ್ಟಿದ್ದವು. ಭಾರತ ಸರ್ಕಾರದ ಮೊದಲ ಆರ್ಡರ್ ಹೋದದ್ದು 2021ರ ಜನವರಿ 11ರ ಸುಮಾರಿಗೆ, ಅಭಿಯಾನ ಶುರುವಾಗುವುದಕ್ಕೆ ಐದು ದಿನ ಮುಂಚೆ: 1.1 ಕೋಟಿ ಕೋವಿಶೀಲ್ಡ್, 55 ಲಕ್ಷ ಕೊವ್ಯಾಕ್ಸಿನ್. ಆಗ ನಮ್ಮ ವಯಸ್ಕರ ಸಂಖ್ಯೆ ಸುಮಾರು 94 ಕೋಟಿ, ಬೇಕಾಗಿದ್ದ ಡೋಸ್ 188 ಕೋಟಿ. ಕಂಪನಿಗಳಿಗೆ ದೊಡ್ಡ ಮುಂಗಡ ಕೊಡುವ ತೀರ್ಮಾನ ಏಪ್ರಿಲ್ ಮೂರನೇ ವಾರದಲ್ಲಿ ಬಂತು, ಎರಡನೇ ಅಲೆ ಏರಿಬಿಟ್ಟ ಮೇಲೆ. ಸೀರಂ ಅಲ್ಲಿಯವರೆಗೆ ಸ್ವಂತ ಹಣ ಹಾಕಿಯೂ ಗೇಟ್ಸ್ ಫೌಂಡೇಷನ್‌ನ ನೆರವಿನಿಂದಲೂ ತಯಾರಿಕೆ ಹೆಚ್ಚಿಸಿಕೊಂಡಿತ್ತು. ಜಗತ್ತಿನ ಅತಿ ದೊಡ್ಡ ಲಸಿಕಾ ಕಾರ್ಖಾನೆ ನಮ್ಮ ನೆಲದಲ್ಲೇ ಇದೆ ಎಂಬ ಹೆಮ್ಮೆ ದೆಹಲಿಯಲ್ಲಿ ಎಷ್ಟಿತ್ತೆಂದರೆ, ಆ ಕಾರ್ಖಾನೆಗೂ ಆರ್ಡರ್ ಬೇಕು, ಕಚ್ಚಾವಸ್ತು ಬೇಕು, ಮೊದಲೇ ಹಣ ಬೇಕು ಎಂಬುದು ಹಿಂದಕ್ಕೆ ಸರಿಯಿತು. ಕಚ್ಚಾವಸ್ತುವಿನ ತೊಡಕು ಸಣ್ಣದಾಗಿರಲಿಲ್ಲ. ಅಮೆರಿಕ ತನ್ನ ರಕ್ಷಣಾ ಉತ್ಪಾದನಾ ಕಾಯ್ದೆಯಡಿ ತನ್ನ ಕಂಪನಿಗಳಿಗೆ ಆದ್ಯತೆ ಕೊಟ್ಟಿದ್ದರಿಂದ ಹೊರಗಿನವರಿಗೆ ಸಾಮಗ್ರಿ ಸಿಗುವುದು ಕಷ್ಟವಾಗಿ, ಸೀರಂನ ಅದಾರ್ ಪೂನಾವಾಲಾ ಏಪ್ರಿಲ್‌ನಲ್ಲಿ ಅಮೆರಿಕದ ಅಧ್ಯಕ್ಷರಿಗೆ ಬಹಿರಂಗವಾಗಿ ಮನವಿ ಮಾಡಬೇಕಾಯಿತು.

ಇತ್ತ ‘ಟೀಕಾ ಉತ್ಸವ’ ಎಂಬ ಲಸಿಕಾ ಹಬ್ಬ ನಡೆದದ್ದು ಏಪ್ರಿಲ್ 11ರಿಂದ 14ರವರೆಗೆ. ಅದಕ್ಕೆ ಕೆಲವೇ ದಿನ ಮೊದಲು ಮಹಾರಾಷ್ಟ್ರದಲ್ಲಿ ದಾಸ್ತಾನಿಲ್ಲದೆ ಕೇಂದ್ರಗಳು ಮುಚ್ಚಿದ್ದವು. ಕೊರತೆಯಿದೆ ಎಂದ ರಾಜ್ಯ ತನ್ನ ವೈಫಲ್ಯ ಮುಚ್ಚಿಕೊಳ್ಳುತ್ತಿದೆ ಎಂದು ಕೇಂದ್ರ ಆರೋಗ್ಯ ಸಚಿವ ಹರ್ಷವರ್ಧನ್ ಆರೋಪಿಸಿದರು. ಇದರಲ್ಲಿ ಒಂದು ಪಕ್ಷವನ್ನಷ್ಟೇ ದೂರುವುದು ನ್ಯಾಯವಲ್ಲ. ನಾವೇ ಕೊಳ್ಳುತ್ತೇವೆ, ನಮಗೆ ಬಿಡಿ ಎಂದು ಕೇಳಿದ್ದ ವಿರೋಧ ಪಕ್ಷದ ಮುಖ್ಯಮಂತ್ರಿಗಳೂ ಇದ್ದರು. ಮೇ 1ರ ‘ಉದಾರೀಕೃತ’ ನೀತಿ ಈ ಬೇಡಿಕೆಯ ನೆರಳಿನಲ್ಲೇ ಬಂತು. ತಯಾರಾದದ್ದರಲ್ಲಿ ಶೇ 50 ಕೇಂದ್ರಕ್ಕೆ, ಶೇ 25 ರಾಜ್ಯಗಳಿಗೆ, ಶೇ 25 ಖಾಸಗಿಗೆ. ಎರಡೇ ಕಂಪನಿಗಳು ಮಾರುವ ಸರಕಿಗೆ ಇಪ್ಪತ್ತೆಂಟು ರಾಜ್ಯಗಳು, ಕೇಂದ್ರಾಡಳಿತ ಪ್ರದೇಶಗಳು, ನೂರಾರು ಆಸ್ಪತ್ರೆಗಳು ಒಂದರ ಮೇಲೊಂದು ಪೈಪೋಟಿಗೆ ಇಳಿದರೆ ಬೆಲೆ ಯಾರ ಕೈಗೆ ಹೋಗುತ್ತದೆ ಎಂಬುದಕ್ಕೆ ಅರ್ಥಶಾಸ್ತ್ರದ ಪದವಿ ಬೇಕಿಲ್ಲ.

ಕರ್ನಾಟಕದ ಅನುಭವ ಈ ನೀತಿಯ ಕಥೆಯನ್ನು ಪೂರ್ತಿ ಹೇಳುತ್ತದೆ. 18ರಿಂದ 44ರವರಿಗೆ ಮೇ 1ರಂದು ಸಾಂಕೇತಿಕವಾಗಿ, 10ರಿಂದ ವ್ಯಾಪಕವಾಗಿ ಚಾಲನೆ ಸಿಕ್ಕಿತು. ನಾಲ್ಕೇ ದಿನ. ಮೇ 14ರಿಂದ ಸರ್ಕಾರಿ ಕೇಂದ್ರಗಳಲ್ಲಿ ಅದು ನಿಂತಿತು. 45 ದಾಟಿದವರ ಎರಡನೇ ಡೋಸೇ ಬಾಕಿ ಬಿದ್ದಿತ್ತು. ಇದ್ದಬದ್ದ ಬಾಟಲಿಗಳೆಲ್ಲ ಅವರಿಗೆ ತಿರುಗಿದವು. ಜಾಗತಿಕ ಟೆಂಡರ್ ಮೂಲಕ ಎರಡು ಕೋಟಿ ಡೋಸ್ ತರುತ್ತೇವೆ ಎಂದು ರಾಜ್ಯ ಹೊರಟಿತು. ಬಂದ ಬಿಡ್ಡುದಾರರು ಬೇಕಾದ ದಾಖಲೆ ಒದಗಿಸಲಾಗದೆ ಟೆಂಡರ್ ಫಲ ಕೊಡಲಿಲ್ಲ. ಬೇರೆ ರಾಜ್ಯಗಳದ್ದೂ ಇದೇ ಪಾಡು. ಮಾಡೆರ್ನಾ ಪಂಜಾಬಿಗೆ, ಫೈಜರ್ ದೆಹಲಿಗೆ ಹೇಳಿದ್ದು ಒಂದೇ ಮಾತು: ನಾವು ವ್ಯವಹರಿಸುವುದು ಭಾರತ ಸರ್ಕಾರದ ಜೊತೆಗೆ ಮಾತ್ರ. ರಾಜ್ಯದ ಕಾಂಗ್ರೆಸ್ ಮುಖಂಡರು ಶಾಸಕರ ಅನುದಾನವನ್ನೂ ಪಕ್ಷದ ಹಣವನ್ನೂ ಸೇರಿಸಿ ನೂರು ಕೋಟಿಯಲ್ಲಿ ತಾವೇ ಲಸಿಕೆ ಕೊಳ್ಳುವ ಯೋಜನೆ ಮುಂದಿಟ್ಟು ಅನುಮತಿ ಕೇಳಿದರು. ಮುಖ್ಯ ನ್ಯಾಯಮೂರ್ತಿ ಅಭಯ್ ಶ್ರೀನಿವಾಸ್ ಓಕಾ ಅವರಿದ್ದ ಹೈಕೋರ್ಟ್ ಪೀಠ ಎರಡನೇ ಡೋಸ್ ಯಾವಾಗ ಕೊಡುತ್ತೀರಿ ಎಂದು ಸರ್ಕಾರಗಳನ್ನು ಬಿಡದೆ ಪ್ರಶ್ನಿಸಿತು. ತಯಾರೇ ಆಗಿಲ್ಲವೆಂದರೆ ನಾವೇನು ನೇಣು ಹಾಕಿಕೊಳ್ಳಬೇಕೇ ಎಂದು ಕೇಂದ್ರ ಸಚಿವ ಡಿ.ವಿ. ಸದಾನಂದ ಗೌಡರು ಕೇಳಿದರು. ಆ ಮಾತಿಗೆ ಟೀಕೆ ಬಂದದ್ದು ಸಹಜ. ಆದರೆ ಅಧಿಕಾರದಲ್ಲಿದ್ದವರ ಅಸಹಾಯಕತೆ ಅಷ್ಟು ಬೆತ್ತಲೆಯಾಗಿ ಹೊರಬಂದದ್ದು ಆ ದಿನವೇ. ಕೊರತೆಯ ಬೇರು ಹಿಂದಿನ ವರ್ಷದಲ್ಲಿತ್ತು, ಅದನ್ನು ಮೇ ತಿಂಗಳಲ್ಲಿ ಯಾವ ಸಚಿವರೂ ಕಿತ್ತುಹಾಕುವ ಸ್ಥಿತಿಯಲ್ಲಿರಲಿಲ್ಲ.

ಮೇ 13ರಂದು ಕೋವಿಶೀಲ್ಡ್‌ನ ಎರಡು ಡೋಸ್‌ಗಳ ನಡುವಿನ ಅಂತರವನ್ನು 12-16 ವಾರಗಳಷ್ಟಕ್ಕೆ ಹಿಗ್ಗಿಸಲಾಯಿತು. ಬ್ರಿಟನ್ನಿನ ಅನುಭವವೇ ಇದಕ್ಕೆ ಆಧಾರ ಎಂದರು. ಮರುದಿನವೇ ಬ್ರಿಟನ್, ಡೆಲ್ಟಾ ತಳಿಗೆ ಹೆದರಿ, ಐವತ್ತು ದಾಟಿದವರಿಗೆ ಅಂತರವನ್ನು 12 ವಾರದಿಂದ ಎಂಟಕ್ಕೆ ಇಳಿಸಿತು. ಅಂತರ ಹೆಚ್ಚಿದರೆ ರೋಗನಿರೋಧಕ ಶಕ್ತಿ ಹೆಚ್ಚುತ್ತದೆ ಎಂಬುದಕ್ಕೆ ವೈಜ್ಞಾನಿಕ ಆಧಾರ ಇದ್ದದ್ದು ನಿಜ. ಆದರೆ ನಾವು ಶಿಫಾರಸು ಮಾಡಿದ್ದು 8ರಿಂದ 12 ವಾರವನ್ನು ಎಂದು ಸಲಹಾ ಸಮಿತಿಯ ಕೆಲವು ವಿಜ್ಞಾನಿಗಳೇ ಆಮೇಲೆ ಪತ್ರಕರ್ತರಿಗೆ ಹೇಳಿದರು. ವಿಜ್ಞಾನದ ತೀರ್ಮಾನ ಎಲ್ಲಿ ಮುಗಿಯಿತು, ದಾಸ್ತಾನಿನ ಲೆಕ್ಕ ಎಲ್ಲಿ ಶುರುವಾಯಿತು ಎಂಬುದನ್ನು ಜನರಿಗೆ ಬಿಡಿಸಿ ಹೇಳಿದ್ದರೆ ನಂಬಿಕೆ ಉಳಿಯುತ್ತಿತ್ತು.

ಆ ನಂಬಿಕೆಗೆ ಮೊದಲ ಪೆಟ್ಟು ಬಿದ್ದದ್ದು ಜನವರಿ 3ರಂದು. ಮೂರನೇ ಹಂತದ ಪರೀಕ್ಷೆಯ ಫಲಿತಾಂಶ ಕೈಗೆ ಬರುವ ಮೊದಲೇ ಕೊವ್ಯಾಕ್ಸಿನ್‌ಗೆ ‘ಕ್ಲಿನಿಕಲ್ ಟ್ರಯಲ್ ಮಾದರಿ’ಯಲ್ಲಿ ಅನುಮತಿ ಕೊಟ್ಟರು. ಛತ್ತೀಸಗಡ ಅದನ್ನು ಹಾಕುವುದಿಲ್ಲ ಎಂದಿತು. ಸಮಾಜವಾದಿ ಪಕ್ಷದ ಅಖಿಲೇಶ್ ಯಾದವ್ ಅನುಮತಿಗೆ ಮುಂಚೆಯೇ, ಇದು ಬಿಜೆಪಿಯ ಲಸಿಕೆ, ನಾನು ಹಾಕಿಸಿಕೊಳ್ಳುವುದಿಲ್ಲ ಎಂದಿದ್ದರು. ದೆಹಲಿಯ ಒಂದು ದೊಡ್ಡ ಸರ್ಕಾರಿ ಆಸ್ಪತ್ರೆಯ ಕಿರಿಯ ವೈದ್ಯರು ನಮಗೆ ಕೋವಿಶೀಲ್ಡ್ ಕೊಡಿ ಎಂದು ಪತ್ರ ಬರೆದರು. ಕೊನೆಗೆ ಬಂದ ಫಲಿತಾಂಶ ಚೆನ್ನಾಗಿಯೇ ಇತ್ತು, ಶೇ 77.8. ಐಸಿಎಂಆರ್ ಜೊತೆ ಸೇರಿ ಇಲ್ಲೇ ರೂಪಿಸಿದ ಲಸಿಕೆ ಅದು, ಹೆಮ್ಮೆಪಡಬೇಕಾದ ಕೆಲಸ. ಅವಸರದ ಮುದ್ರೆಯಿಂದ ಅನುಮಾನಕ್ಕೆ ಗುರಿಯಾಯಿತು.

ಮತ್ತೆ ದರದ ವಿಷಯಕ್ಕೆ ಬರುತ್ತೇನೆ. ಸುಪ್ರೀಂ ಕೋರ್ಟ್‌ನ ಮೂವರು ನ್ಯಾಯಮೂರ್ತಿಗಳ ಪೀಠ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡು, 45 ದಾಟಿದವರಿಗೆ ಉಚಿತ, ಕಿರಿಯರಿಗೆ ಹಣ ಎಂಬ ನೀತಿ ಮೇಲ್ನೋಟಕ್ಕೆ ಮನಸೋಇಚ್ಛೆಯದು, ತರ್ಕಹೀನ ಎಂದಿತು. ಬಜೆಟ್‌ನಲ್ಲಿ ಲಸಿಕೆಗೆಂದು ಇಟ್ಟ 35,000 ಕೋಟಿ ರೂಪಾಯಿ ಹೇಗೆ ಖರ್ಚಾಗಿದೆ ಎಂದು ಕೇಳಿತು. ಒಟಿಪಿ, ಸ್ಮಾರ್ಟ್‌ಫೋನ್ ಇಲ್ಲದವರು ನೋಂದಣಿ ಪೋರ್ಟಲ್ ಕೋವಿನ್‌ನಲ್ಲಿ ನೋಂದಾಯಿಸುವುದು ಹೇಗೆ ಎಂದೂ ಕೇಳಿತು. ಆ ಆದೇಶ ಹೊರಬಿದ್ದದ್ದು ಜೂನ್ 2ರಂದು. ಜೂನ್ 7ರಂದು ಪ್ರಧಾನಿ ದೂರದರ್ಶನದಲ್ಲಿ ಬಂದು, ಶೇ 75ನ್ನು ಕೇಂದ್ರವೇ ಕೊಂಡು 21ರಿಂದ ವಯಸ್ಕರೆಲ್ಲರಿಗೂ ಉಚಿತವಾಗಿ ಕೊಡುತ್ತದೆ ಎಂದರು. ಶೇ 25 ಖಾಸಗಿಗೇ ಉಳಿಯಿತು. ಕೋವಿಶೀಲ್ಡ್‌ಗೆ 780, ಕೊವ್ಯಾಕ್ಸಿನ್‌ಗೆ 1,410 ರೂಪಾಯಿ ಎಂದು ಗರಿಷ್ಠ ದರ ನಿಗದಿಯಾಯಿತು.

ಈ ಶೇ 25ರ ಬಗ್ಗೆ ಎರಡು ಮಾತು ಹೇಳಲೇಬೇಕು. ಮೇ ತಿಂಗಳಲ್ಲಿ ಖಾಸಗಿ ಪಾಲಿನ ಸುಮಾರು ಅರ್ಧವನ್ನು ಒಂಬತ್ತು ದೊಡ್ಡ ಆಸ್ಪತ್ರೆ ಸಮೂಹಗಳೇ ಕೊಂಡಿದ್ದವು ಎಂದು ಆಗಿನ ಪತ್ರಿಕೆಗಳು ವರದಿ ಮಾಡಿದವು. ಅವು ಇದ್ದದ್ದು ಮಹಾನಗರಗಳಲ್ಲಿ. ರಾಯಚೂರಿನ, ಯಾದಗಿರಿಯ ಯುವಕನಿಗೆ ಅಂಥ ಆಸ್ಪತ್ರೆಯ ಬಾಗಿಲು ಎಲ್ಲಿ? ಐಷಾರಾಮಿ ಹೋಟೆಲುಗಳು ಊಟ, ಕೋಣೆ, ಲಸಿಕೆ ಸೇರಿದ ಪ್ಯಾಕೇಜು ಮಾರತೊಡಗಿದಾಗ ಕೇಂದ್ರ ಆರೋಗ್ಯ ಸಚಿವಾಲಯ ಪತ್ರ ಬರೆದು ತಡೆಯಬೇಕಾಯಿತು. ಆಮೇಲೆ ಖಾಸಗಿಯವರು ನಿಜಕ್ಕೂ ಬಳಸಿದ್ದು ಶೇ 7ರಿಂದ 9ರಷ್ಟು ಎಂದು ಆಗಸ್ಟ್‌ನಲ್ಲಿ ಸರ್ಕಾರವೇ ಸಂಸತ್ತಿನಲ್ಲಿ ಹೇಳಿತು. ಜನ ಸರ್ಕಾರಿ ಕೇಂದ್ರದ ಹೊರಗೆ ಬಿಸಿಲಲ್ಲಿ ನಿಂತಿದ್ದಾಗ ಶೇ 25 ಎಂಬ ಗೆರೆಯನ್ನು ಯಾವ ಲೆಕ್ಕದ ಮೇಲೆ ಎಳೆದರೋ, ಅದಕ್ಕೆ ಸಮಾಧಾನಕರ ಉತ್ತರ ಬಂದಿಲ್ಲ.

ಪ್ರಾಥಮಿಕ ಆರೋಗ್ಯ ಕೇಂದ್ರದೊಳಗೆ ಲಸಿಕೆ ಹಾಕುವ ಕೆಲಸ ಹೇಗಿತ್ತು ಎಂಬುದನ್ನು ಹತ್ತಿರದಿಂದ ನೋಡಿದರೆ ನೀತಿಯ ಭಾರ ಯಾರ ಹೆಗಲ ಮೇಲೆ ಬಿತ್ತು ಎಂಬುದು ತಿಳಿಯುತ್ತದೆ. ಕೋವಿಶೀಲ್ಡ್‌ನ ಒಂದು ಬಾಟಲಿಯಲ್ಲಿ ಹತ್ತು ಡೋಸ್. ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿಯಲ್ಲಿ ಇಟ್ಟಿದ್ದನ್ನು ಐಸ್‌ಪ್ಯಾಕ್ ತುಂಬಿದ ಡಬ್ಬಿಯಲ್ಲಿ ಹೊತ್ತು ತರಬೇಕು. ಮುಚ್ಚಳಕ್ಕೆ ಒಮ್ಮೆ ಸೂಜಿ ಚುಚ್ಚಿದರೆ ನಾಲ್ಕು ಗಂಟೆಯೊಳಗೆ ಅಷ್ಟೂ ಮುಗಿಯಬೇಕು, ಉಳಿದದ್ದು ಚೆಲ್ಲಬೇಕು. ಹಾಗಾಗಿ ಏಳು ಜನ ಬಂದು ಕೂತಿದ್ದರೆ ಇನ್ನು ಮೂವರು ಬರಲಿ ಎಂದು ನರ್ಸ್ ಕಾಯುತ್ತಾರೆ. ಆಶಾ ಕಾರ್ಯಕರ್ತೆ ಮತ್ತೆ ಕೇರಿಗೆ ಹೋಗುತ್ತಾರೆ. ಹೋದ ವಾರ ಸತ್ತವರೊಬ್ಬರಿದ್ದರೆ ಇಡೀ ಬೀದಿ ಬಾಗಿಲು ಹಾಕಿಕೊಳ್ಳುತ್ತದೆ. ಜ್ವರ ಬಂದರೆ ಕೂಲಿ ಹೋಗುತ್ತದೆ, ಆ ಎರಡು ದಿನದ ಕೂಲಿ ಕೊಡುವವರು ಯಾರು ಎಂದು ಹೆಣ್ಣುಮಕ್ಕಳು ಕೇಳುತ್ತಾರೆ. ಅದು ಮೌಢ್ಯದ ಪ್ರಶ್ನೆ ಅಲ್ಲ, ಅನ್ನದ ಪ್ರಶ್ನೆ. ಬಾಟಲಿಯಲ್ಲಿ ಸ್ವಲ್ಪ ಹೆಚ್ಚುವರಿ ದ್ರವ ಇರುತ್ತದೆ. ಕೈ ಪಳಗಿದ ನರ್ಸ್ ಒಂದು ಹನಿಯನ್ನೂ ಬಿಡದೆ ಎಳೆದರೆ ಹನ್ನೊಂದನೆಯ ಡೋಸ್ ಹೊರಡುತ್ತದೆ. ಕೇರಳದ ನರ್ಸ್‌ಗಳು ಹೀಗೆ, ಬಂದದ್ದಕ್ಕಿಂತ ಹೆಚ್ಚು ಡೋಸ್ ಹಾಕಿ ತೋರಿಸಿದರು. ಕೊರತೆಯ ದಿನಗಳಲ್ಲಿ ದೇಶಕ್ಕೆ ಸಿಕ್ಕ ಅತ್ಯಂತ ಗೌರವಯುತ ಅಂಕಿಅಂಶ ಅದೆಂದು ನನ್ನ ಭಾವನೆ.

ಕೋವಿನ್ ಪೋರ್ಟಲ್ ಈ ಕೆಲಸಕ್ಕೆ ಬೇರೆಯೇ ಅಡ್ಡಿ ತಂದಿತು. ಏಪ್ರಿಲ್ 28ರಂದು ಕಿರಿಯರಿಗೆ ತೆರೆದ ದಿನವೇ ಕೋಟಿಗೂ ಹೆಚ್ಚು ಜನ ನೋಂದಾಯಿಸಿಕೊಂಡರು. ಸ್ಲಾಟ್‌ಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಖಾಲಿ. ಬೆಂಗಳೂರಿನವರು ಸುತ್ತಲಿನ ತಾಲ್ಲೂಕುಗಳ ಆರೋಗ್ಯ ಕೇಂದ್ರಗಳಲ್ಲಿ ಸ್ಲಾಟ್ ಹಿಡಿದು ಕಾರಿನಲ್ಲಿ ಹೋಗಿ ಹಾಕಿಸಿಕೊಂಡು ಬಂದರು. ಆ ಊರಿನವರು ತಮ್ಮದೇ ಆಸ್ಪತ್ರೆಯ ಗೇಟಿನ ಹೊರಗೆ ನಿಂತು ನೋಡಿದರು. ಪೋರ್ಟಲ್ ಕನ್ನಡದಲ್ಲಿ ಸಿಕ್ಕಿದ್ದು ಜೂನ್ ತಿಂಗಳಲ್ಲಿ. ಸರ್ಕಾರಿ ಕೇಂದ್ರಗಳಿಗೆ ನೇರವಾಗಿ ಹೋಗಿ ಹಾಕಿಸಿಕೊಳ್ಳಲು ಕಿರಿಯರಿಗೆ ಅವಕಾಶ ಸಿಕ್ಕಿದ್ದು ಮೇ ಕೊನೆಯ ವಾರ. ಪೋಲಿಯೊ ಹನಿ ಹಾಕಲು ಮನೆಬಾಗಿಲಿಗೆ ಬಂದ ದೇಶ ಇದೇ ಅಲ್ಲವೇ?

ಜಗತ್ತಿನ ಮಟ್ಟದಲ್ಲೂ ಇದೇ ಚಿತ್ರ, ಪ್ರಮಾಣ ಮಾತ್ರ ದೊಡ್ಡದು. ಎಲ್ಲ ದೇಶಗಳೂ ಒಟ್ಟಾಗಿ ಕೊಂಡು ಅಗತ್ಯಕ್ಕೆ ತಕ್ಕಂತೆ ಹಂಚಿಕೊಳ್ಳಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ, ಲಸಿಕಾ ಒಕ್ಕೂಟ ಗಾವಿ, ಸಾಂಕ್ರಾಮಿಕ ಸಿದ್ಧತೆಯ ಒಕ್ಕೂಟ ಸೆಪಿ ಸೇರಿ ಕೋವ್ಯಾಕ್ಸ್ ಎಂಬ ವ್ಯವಸ್ಥೆ ಕಟ್ಟಿದವು. 2021ರೊಳಗೆ 200 ಕೋಟಿ ಡೋಸ್ ಎಂಬ ಗುರಿ. ಶ್ರೀಮಂತ ದೇಶಗಳು ಕೋವ್ಯಾಕ್ಸ್‌ಗೆ ಹಣವನ್ನೂ ಕೊಟ್ಟವು, ಪಕ್ಕದ ಬಾಗಿಲಿನಿಂದ ಕಂಪನಿಗಳ ಜೊತೆ ನೇರ ಒಪ್ಪಂದವನ್ನೂ ಮಾಡಿಕೊಂಡವು. ಕೆನಡಾ ತನ್ನ ಜನಸಂಖ್ಯೆಗೆ ಹಲವು ಪಟ್ಟು ಡೋಸ್ ಕಾದಿರಿಸಿತು. ಗುರಿಯ ಅರ್ಧವಷ್ಟೇ, 100 ಕೋಟಿಯಷ್ಟೇ, 2022ರ ಜನವರಿಗೆ ತಲುಪಿದ್ದು. 2021 ಮುಗಿಯುವಾಗ ಆಫ್ರಿಕಾ ಖಂಡದಲ್ಲಿ ಪೂರ್ಣ ಲಸಿಕೆ ಪಡೆದವರು ಹತ್ತರಲ್ಲಿ ಒಬ್ಬರೂ ಇರಲಿಲ್ಲ. ಬಡವರೇ ಹೆಚ್ಚು ಬೆಲೆ ತೆತ್ತ ಉದಾಹರಣೆಯೂ ಇದೆ: ಆಸ್ಟ್ರಾಜೆನೆಕಾ ಲಸಿಕೆಗೆ ಐರೋಪ್ಯ ಒಕ್ಕೂಟ ಕೊಟ್ಟದ್ದು 1.78 ಯೂರೊ, ಅಂದರೆ ಎರಡು ಡಾಲರ್‌ಗಿಂತ ತುಸು ಹೆಚ್ಚು. ಅದೇ ಲಸಿಕೆಗೆ ದಕ್ಷಿಣ ಆಫ್ರಿಕಾ ಸೀರಂಗೆ ಕೊಟ್ಟದ್ದು 5.25 ಡಾಲರ್. ಯುರೋಪಿನ ಬೆಲೆ ಹೊರಬಂದದ್ದು ಬೆಲ್ಜಿಯಂನ ಸಚಿವೆಯೊಬ್ಬರು ಪಟ್ಟಿಯನ್ನು ಟ್ವೀಟ್ ಮಾಡಿ ಅಳಿಸಿದ್ದರಿಂದ. ಸಾರ್ವಜನಿಕರ ತೆರಿಗೆಯಿಂದ ಕೊಂಡ ಔಷಧದ ಬೆಲೆ ಸಾರ್ವಜನಿಕರಿಗೆ ಗೊತ್ತಾಗಲು ಒಬ್ಬರ ಕೈತಪ್ಪು ಬೇಕಾಯಿತು. ಆಮೇಲೆ ದಾನವಾಗಿ ಬಂದ ಡೋಸ್‌ಗಳಲ್ಲಿ ಎಷ್ಟೋ ಅವಧಿ ಮುಗಿಯಲು ವಾರಗಳಷ್ಟೇ ಉಳಿದಿದ್ದಂಥವು. ನೈಜೀರಿಯಾ ಹತ್ತು ಲಕ್ಷಕ್ಕೂ ಹೆಚ್ಚು ಡೋಸ್‌ಗಳನ್ನು ಬುಲ್ಡೋಜರ್ ಹರಿಸಿ ನಾಶಮಾಡಿತು.

ಇದರಲ್ಲಿ ಭಾರತದ ಪಾತ್ರ ಎರಡು ಬಗೆಯದು. ಹೊರದೇಶಗಳಿಗೆ ಲಸಿಕೆ ಕಳಿಸುವ ‘ವ್ಯಾಕ್ಸಿನ್ ಮೈತ್ರಿ’ 2021ರ ಜನವರಿ 20ರಂದು ಭೂತಾನ್, ಮಾಲ್ಡೀವ್ಸ್‌ಗಳಿಂದ ಶುರುವಾಗಿ ಏಪ್ರಿಲ್‌ವರೆಗೆ 6.6 ಕೋಟಿ ಡೋಸ್ ಹೊರಹೋಯಿತು. ನಮ್ಮ ಮಕ್ಕಳ ಲಸಿಕೆ ವಿದೇಶಕ್ಕೇಕೆ ಎಂದು ದೆಹಲಿಯಲ್ಲಿ ಪೋಸ್ಟರ್ ಅಂಟಿಸಿದವರನ್ನು ಪೊಲೀಸರು ಬಂಧಿಸಿದರು. ಪೋಸ್ಟರ್ ಅಂಟಿಸಿದ್ದಕ್ಕೆ ಬಂಧಿಸಿದ್ದು ತಪ್ಪು, ಆದರೆ ಪೋಸ್ಟರಿನ ವಾದವನ್ನೂ ನಾನು ಒಪ್ಪಲಾರೆ. ಆ 6.6 ಕೋಟಿಯಲ್ಲಿ ಉಡುಗೊರೆ ಒಂದು ಕೋಟಿ ಚಿಲ್ಲರೆ ಮಾತ್ರ. ಉಳಿದದ್ದು ಹಣ ಪಡೆದು ಮಾರಿದ್ದು, ಇಲ್ಲವೇ ಕೋವ್ಯಾಕ್ಸ್‌ಗೆ ಒಪ್ಪಿಕೊಂಡಿದ್ದು. ಒಟ್ಟು ಮೊತ್ತ ಸೀರಂನ ಸುಮಾರು ಒಂದು ತಿಂಗಳ ಉತ್ಪಾದನೆ. ಅದಿಷ್ಟೂ ಇಲ್ಲೇ ಉಳಿದಿದ್ದರೂ 188 ಕೋಟಿಯ ಬೇಡಿಕೆ ಕರಗುತ್ತಿರಲಿಲ್ಲ. ರಫ್ತು ನಿಲ್ಲಿಸಿದಾಗ ನಿಜವಾಗಿ ಬೀದಿಗೆ ಬಿದ್ದವರು ನೆರೆಯವರು. ಬಾಂಗ್ಲಾದೇಶ ಮೂರು ಕೋಟಿ ಡೋಸ್‌ಗೆ ಒಪ್ಪಂದ ಮಾಡಿಕೊಂಡು ಆಗ ಪಡೆದದ್ದು 70 ಲಕ್ಷ. ನೇಪಾಳ 20 ಲಕ್ಷಕ್ಕೆ ಹಣ ಕಟ್ಟಿ ಪಡೆದದ್ದು 10 ಲಕ್ಷ. ಮೊದಲ ಡೋಸ್ ಹಾಕಿಸಿಕೊಂಡ ಅಲ್ಲಿನ ವೃದ್ಧರು ಎರಡನೆಯದಕ್ಕೆ ತಿಂಗಳುಗಟ್ಟಲೆ ಕಾದರು. ಆ ಜಾಗಕ್ಕೆ ಚೀನಾದ ಸೈನೋಫಾರ್ಮ್ ಬಂದು ಕೂತಿತು.

ಪೇಟೆಂಟ್ ವಿಷಯದಲ್ಲಿ ಭಾರತ ನಡೆದುಕೊಂಡ ರೀತಿ ಮಾತ್ರ ತಲೆಯೆತ್ತಿ ಹೇಳಬಹುದಾದದ್ದು. 2020ರ ಅಕ್ಟೋಬರ್ 2ರಂದು ದಕ್ಷಿಣ ಆಫ್ರಿಕಾ ಜೊತೆ ಸೇರಿ, ಸಾಂಕ್ರಾಮಿಕ ಮುಗಿಯುವವರೆಗೆ ಕೋವಿಡ್ ಲಸಿಕೆ, ಔಷಧ, ಪರೀಕ್ಷಾ ಸಾಧನಗಳ ಬೌದ್ಧಿಕ ಆಸ್ತಿ ಹಕ್ಕು ಸಡಿಲಿಸಿ ಎಂದು ವಿಶ್ವ ವ್ಯಾಪಾರ ಸಂಸ್ಥೆಗೆ ಪ್ರಸ್ತಾವ ಸಲ್ಲಿಸಿತು. 2021ರ ಮೇನಲ್ಲಿ ಅಮೆರಿಕ ಲಸಿಕೆಯ ಮಟ್ಟಿಗೆ ಒಪ್ಪಿತು, ಯುರೋಪ್ ಎಳೆದಾಡಿತು. 2022ರ ಜೂನ್‌ನಲ್ಲಿ ತೀರ್ಮಾನ ಹೊರಬಿದ್ದಾಗ ಅದು ಲಸಿಕೆಯ ಪೇಟೆಂಟ್‌ಗೆ ಸೀಮಿತವಾಗಿ ಸೊರಗಿತ್ತು, ಸಾಂಕ್ರಾಮಿಕದ ತೀವ್ರತೆಯೂ ಕಳೆದಿತ್ತು. ಹೊರಗೆ ಇಷ್ಟು ಗಟ್ಟಿಯಾಗಿ ವಾದಿಸಿದ ಸರ್ಕಾರ ಒಳಗೆ ಕೊವ್ಯಾಕ್ಸಿನ್ ತಂತ್ರಜ್ಞಾನವನ್ನು ಸಾರ್ವಜನಿಕ ವಲಯದ ಸಂಸ್ಥೆಗಳಿಗೆ ಹಂಚಲು ಮುಂದಾದದ್ದು 2021ರ ಏಪ್ರಿಲ್‌ನಲ್ಲಿ. ಆ ಘಟಕಗಳು ಸಜ್ಜಾಗಲು ಮತ್ತೆ ತಿಂಗಳುಗಳು ಬೇಕಿದ್ದವು.

ಸರ್ಕಾರದ ಹಳೆಯ ಲಸಿಕಾ ಘಟಕಗಳಿಗೆ ಆದದ್ದೇನು ಎಂಬುದು ಈ ಚರ್ಚೆಯಲ್ಲಿ ಕಡಿಮೆ ಮಾತಿಗೆ ಬಂದ, ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ಸಂಗತಿ. ಬೆಳಗಾವಿಯ ಟಿಳಕವಾಡಿಯಲ್ಲಿ ‘ವ್ಯಾಕ್ಸಿನ್ ಡಿಪೊ’ ಎಂಬ ವಿಶಾಲ ಆವರಣವಿದೆ. ಬ್ರಿಟಿಷರ ಕಾಲದಲ್ಲಿ ಸಿಡುಬಿನ ಲಸಿಕೆ ತಯಾರಾಗುತ್ತಿದ್ದ ಜಾಗ ಅದು. ಇಂದು ಊರಿನವರು ಅದನ್ನು ಬಯಲೆಂದೇ ಬಲ್ಲರು. ಕಸೌಲಿ, ಕೂನೂರು, ಚೆನ್ನೈನ ಗಿಂಡಿಯಲ್ಲಿ ಕೇಂದ್ರದ್ದೇ ಮೂರು ಹಳೆಯ ಲಸಿಕಾ ಘಟಕಗಳಿದ್ದವು. ಉತ್ಪಾದನಾ ಗುಣಮಟ್ಟದ ಕೊರತೆಯ ಕಾರಣ ಹೇಳಿ 2008ರ ಜನವರಿಯಲ್ಲಿ ಮೂರರಲ್ಲೂ ತಯಾರಿಕೆ ನಿಲ್ಲಿಸಿದರು. ವಿರೋಧದ ನಂತರ 2010ರಲ್ಲಿ ಅನುಮತಿ ಮರಳಿತು, ಹಳೆಯ ಬಲ ಮರಳಲಿಲ್ಲ. ಚೆಂಗಲ್ಪಟ್ಟಿನಲ್ಲಿ ನೂರಾರು ಕೋಟಿ ಸುರಿದು ಕಟ್ಟಿದ ಎಚ್‌ಎಲ್‌ಎಲ್ ಬಯೋಟೆಕ್‌ನ ಲಸಿಕಾ ಸಂಕೀರ್ಣ ಎರಡನೇ ಅಲೆಯಲ್ಲೂ ಸುಮ್ಮನೆ ನಿಂತಿತ್ತು; ತಮಿಳುನಾಡು ಗುತ್ತಿಗೆಗೆ ಕೊಡಿ ಎಂದು ಕೇಳಿಕೊಂಡಿತು. ಇದಕ್ಕೆ ಹೋಲಿಸಿದರೆ ಆಗ 1.1 ಕೋಟಿ ಜನರಿದ್ದ ಕ್ಯೂಬಾ, ಅಮೆರಿಕದ ದಿಗ್ಬಂಧನದ ನಡುವೆಯೂ ತನ್ನ ಸರ್ಕಾರಿ ಪ್ರಯೋಗಾಲಯಗಳಲ್ಲೇ ಅಬ್ದಾಲಾ, ಸೊಬೆರಾನಾ ಲಸಿಕೆಗಳನ್ನು ತಯಾರಿಸಿ ಎರಡು ವರ್ಷ ದಾಟಿದ ಮಕ್ಕಳಿಗೂ ಹಾಕಿತು. ಖಾಸಗಿ ಕಾರ್ಖಾನೆ ಬೇಡವೆಂದು ನಾನು ಹೇಳುತ್ತಿಲ್ಲ. ಸೀರಂ ಇಲ್ಲದಿದ್ದರೆ ನಮ್ಮ ಗತಿ ಇನ್ನೂ ಕೆಡುತ್ತಿತ್ತು. ಆದರೆ ಸರ್ಕಾರದ ಕೈಯಲ್ಲೂ ಸಜ್ಜಾದ ಒಂದು ಕಾರ್ಖಾನೆ ಇದ್ದಿದ್ದರೆ ಮೂರು ದರದ ಪ್ರಶ್ನೆಯೇ ಏಳುತ್ತಿರಲಿಲ್ಲ.

ಲಸಿಕೆ ಸಿಕ್ಕ ಮೇಲೂ ರಾಜಕಾರಣ ಮುಗಿಯಲಿಲ್ಲ. ಕೊವ್ಯಾಕ್ಸಿನ್‌ಗೆ ವಿಶ್ವ ಆರೋಗ್ಯ ಸಂಸ್ಥೆಯ ಮನ್ನಣೆ ಬಂದದ್ದು 2021ರ ನವೆಂಬರ್ 3ರಂದು. ಅಲ್ಲಿಯವರೆಗೆ ಅದನ್ನು ಹಾಕಿಸಿಕೊಂಡ ಕರಾವಳಿಯ ಗಲ್ಫ್ ಉದ್ಯೋಗಿಗಳು, ವಿದೇಶಕ್ಕೆ ಹೊರಟ ವಿದ್ಯಾರ್ಥಿಗಳು ಕೈಕಟ್ಟಿ ಕೂತರು. ಬ್ರಿಟನ್ ಕೋವಿಶೀಲ್ಡ್ ಲಸಿಕೆಯನ್ನು ಒಪ್ಪಿ ಭಾರತದ ಪ್ರಮಾಣಪತ್ರವನ್ನು ಒಪ್ಪಲಿಲ್ಲ. ನಾವೂ ಬ್ರಿಟಿಷರಿಗೆ ಕ್ವಾರಂಟೈನ್ ಹಾಕಿದ ಮೇಲೆ ಒಂದು ವಾರದಲ್ಲಿ ಒಪ್ಪಿತು. ಆ ಪ್ರಮಾಣಪತ್ರದ ಮೇಲಿದ್ದ ಪ್ರಧಾನಿಯ ಭಾವಚಿತ್ರ ಚುನಾವಣೆ ನಡೆದ ರಾಜ್ಯಗಳಲ್ಲಿ ಆಯೋಗದ ಸೂಚನೆಯಿಂದ ಮರೆಯಾಗಿ, ಉಳಿದೆಡೆ ಉಳಿಯಿತು. ಸೆಪ್ಟೆಂಬರ್ 17ರಂದು, ಅವರ ಜನ್ಮದಿನ, ಒಂದೇ ದಿನ ಎರಡೂವರೆ ಕೋಟಿ ಡೋಸ್. 26 ಲಕ್ಷಕ್ಕೂ ಹೆಚ್ಚು ಹಾಕಿದ ಕರ್ನಾಟಕ ಮುಂಚೂಣಿಯಲ್ಲಿತ್ತು. ಸರಬರಾಜು ಇದ್ದರೆ ನಮ್ಮ ವ್ಯವಸ್ಥೆ ಏನು ಮಾಡಬಲ್ಲದು ಎಂಬುದಕ್ಕೆ ಆ ದಿನ ಸಾಕ್ಷಿ. ಅಕ್ಟೋಬರ್ 21ಕ್ಕೆ 100 ಕೋಟಿ, 2022ರ ಜುಲೈ 17ಕ್ಕೆ 200 ಕೋಟಿ.

ಮುಂದಿನ ಸಾಂಕ್ರಾಮಿಕಕ್ಕೆ ನಿಯಮ ಬರೆಯುವ ಕೆಲಸ ಜಿನೀವಾದಲ್ಲಿ ನಡೆದಿದೆ. ವಿಶ್ವ ಆರೋಗ್ಯ ಸಭೆ 2025ರ ಮೇ 20ರಂದು ಸಾಂಕ್ರಾಮಿಕ ಒಪ್ಪಂದವನ್ನು ಅಂಗೀಕರಿಸಿತು. ಒಪ್ಪಂದಕ್ಕೆ ಸೇರುವ ತಯಾರಕರು ಸಾಂಕ್ರಾಮಿಕದ ಹೊತ್ತಿನಲ್ಲಿ ತಮ್ಮ ಉತ್ಪಾದನೆಯ ಶೇ 20ನ್ನು ವಿಶ್ವ ಆರೋಗ್ಯ ಸಂಸ್ಥೆಗೆ ಒದಗಿಸಬೇಕು, ಅದರಲ್ಲಿ ಕನಿಷ್ಠ ಅರ್ಧ, ಅಂದರೆ ಉತ್ಪಾದನೆಯ ಶೇ 10, ದಾನವಾಗಿ ಎಂಬುದು ಅದರ ಆಶಯ. ಆದರೆ ರೋಗಾಣುವಿನ ಮಾದರಿ ಕೊಟ್ಟ ದೇಶಕ್ಕೆ ಬದಲಿಗೆ ಏನು ಸಿಗಬೇಕು ಎಂಬ ಅನುಬಂಧವನ್ನು ಮುಂದಿನ ಮಾತುಕತೆಗೆ ಬಿಟ್ಟರು. ಒಪ್ಪಂದದ ಜೀವ ಇರುವುದು ಆ ಅನುಬಂಧದಲ್ಲೇ. ಶೇ 80 ಮತ್ತೆ ಮೊದಲು ಹಣ ಕಟ್ಟಿದವರಿಗೇ ಹೋಗುತ್ತದೆ ಎಂಬುದೂ ಗಮನದಲ್ಲಿರಲಿ. ತಯಾರಕ ದೇಶವೂ ಹೌದು, ಬಡವರ ದೇಶವೂ ಹೌದು ಎಂಬ ಸ್ಥಾನದಲ್ಲಿರುವ ಭಾರತ ಅಲ್ಲಿ ಬಡವರ ಪಕ್ಷದಲ್ಲಿ ಕೂರಬೇಕು.

ರಾಜ್ಯದ ಕೈಯಲ್ಲೇ ಇರುವ ಒಂದು ಕೆಲಸವೂ ಇದೆ: ಆಶಾ ಕಾರ್ಯಕರ್ತೆಯರಿಗೆ ನ್ಯಾಯವಾದ ಗೌರವಧನ ಕೊಡುವುದು. 2020ರ ಜುಲೈನಲ್ಲಿ, ಸೋಂಕು ಏರುತ್ತಿದ್ದಾಗಲೇ, ಕರ್ನಾಟಕದ ಸುಮಾರು 42 ಸಾವಿರ ಆಶಾ ಕಾರ್ಯಕರ್ತೆಯರು ತಿಂಗಳಿಗೆ 12 ಸಾವಿರ ರೂಪಾಯಿ ಗೌರವಧನ ಕೇಳಿ ಮುಷ್ಕರ ಹೂಡಿದ್ದರು. ಆರು ತಿಂಗಳ ನಂತರ ಲಸಿಕೆಗೆ ಜನರನ್ನು ಕರೆತಂದವರೂ ಅವರೇ. 2025ರ ಜನವರಿಯಲ್ಲಿ ಅವರು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಮತ್ತೆ ಚಳಿಯಲ್ಲಿ ಕೂತು, ಕನಿಷ್ಠ 10 ಸಾವಿರ ಕೊಡುವ ಮಾತನ್ನು ಮುಖ್ಯಮಂತ್ರಿಯಿಂದ ಪಡೆದರು. ನಾಲ್ಕೂವರೆ ವರ್ಷ ಮೊದಲು ಕೇಳಿದ್ದಕ್ಕಿಂತ ಎರಡು ಸಾವಿರ ಕಡಿಮೆ.